ಮೆಣಸಿನ ಸಸಿಗೆ ವ್ಯಾಮ್ ಪುಡಿ: ಹಾಕಿ ನೋಡಿದ್ದು

ಹೋದ ವರ್ಷ ಕಾಳುಮೆಣಸಿನ ಸಸಿ ಮಾಡುವಾಗ ಒಂದು ಕಿಲೋ ವ್ಯಾಮ್ ಪುಡಿ ತಂದೆ. ವ್ಯಾಮ್ ಅಂದರೆ ಗಿಡದ ಬೇರಿನ ಜೊತೆ ಕೂಡಿ ಬದುಕುವ ಶಿಲೀಂಧ್ರ. ಮಣ್ಣು ತುಂಬಿದ 60 ಪ್ಲಾಸ್ಟಿಕ್ ಕೊಟ್ಟೆಗಳಲ್ಲಿ 40ಕ್ಕೆ, ಬಳ್ಳಿ ತುಂಡು ಊರುವ ಕುಳಿಯಲ್ಲೇ ಒಂದೊಂದು ಚಮಚ ಹಾಕಿದೆ. ಉಳಿದ 20 ಕೊಟ್ಟೆಗೆ ಏನೂ ಹಾಕಲಿಲ್ಲ.

ಚೀಲ ಬಿಚ್ಚಿದಾಗ ನಮ್ಮನೆಯವರು, "ಇದೇನು, ಬರೀ ಮಣ್ಣು, ಬೇರಿನ ಚೂರು" ಅಂದರು. ಇರಬೇಕಾದದ್ದೇ ಹಾಗೆ. ಈ ಶಿಲೀಂಧ್ರ ಜೀವಂತ ಬೇರಿಲ್ಲದೆ ಬೆಳೆಯುವುದಿಲ್ಲ. ಮೆಕ್ಕೆಜೋಳ, ಹುಲ್ಲಿನಂಥ ಗಿಡದ ಬೇರಿನಲ್ಲಿ ಬೆಳೆಸಿ, ಆ ಬೇರು ಮಣ್ಣು ಸೇರಿಸಿಯೇ ಕೊಡುತ್ತಾರೆ.

ನನಗೆ ಒಪ್ಪಿಗೆಯಾಗದ್ದು ಚೀಲದ ಮೇಲಿನ ಮಾತು. ಮಣ್ಣಿನ ರಂಜಕ (ಫಾಸ್ಫರಸ್) ಕರಗಿಸುತ್ತದೆ ಅಂತ ದೊಡ್ಡದಾಗಿ ಬರೆದಿದ್ದಾರೆ. ವ್ಯಾಮ್‌ನ ಮುಖ್ಯ ಕೆಲಸ ಕರಗಿಸುವುದಲ್ಲ, ಹೊತ್ತು ತರುವುದು. ನಮ್ಮ ಚಿರೆಕಲ್ಲು ಮಣ್ಣಿನಲ್ಲಿ ರಂಜಕ ಕಬ್ಬಿಣ, ಅಲ್ಯೂಮಿನಿಯಂಗೆ ಅಂಟಿಕೊಂಡಿರುತ್ತದೆ. ಬೇರಿನ ಪಕ್ಕದ್ದು ಖಾಲಿಯಾದರೆ ಆಚೆಯದು ಸುಲಭವಾಗಿ ಹರಿದು ಬರುವುದಿಲ್ಲ. ಬೇರಿನ ರೋಮಕ್ಕಿಂತ ಸಪೂರ ಎಳೆ ಚಾಚಿ, ಬೇರು ನುಗ್ಗದ ಸಂದಿಯಿಂದ ಅದನ್ನು ತರುವುದು ವ್ಯಾಮ್. ಬದಲಿಗೆ ಬಳ್ಳಿ ಸಕ್ಕರೆ ಕೊಡುತ್ತದೆ.

ಕಲ್ಲಿನಲ್ಲಿರುವ ರಂಜಕ ಕರಗಿಸುವವು ಬೇರೆ. ಆಸ್ಪರ್‌ಜಿಲಸ್, ಪೆನಿಸಿಲಿಯಂ ಥರದ ಬೂಷ್ಟುಗಳು. ಅವು ಆಕ್ಸಾಲಿಕ್, ಸಿಟ್ರಿಕ್ ಆಮ್ಲ ಬಿಡುತ್ತವೆ. ನಿಂಬೆಹುಳಿಯಲ್ಲಿ ಇರುವುದೂ ಇದೇ ಸಿಟ್ರಿಕ್ ಆಮ್ಲ. ಖನಿಜದೊಳಗಿನ ಕಬ್ಬಿಣ, ಕ್ಯಾಲ್ಸಿಯಂಗಳನ್ನು ಆ ಹುಳಿ ಹಿಡಿದುಕೊಂಡಾಗ ರಂಜಕ ಬಿಟ್ಟುಕೊಳ್ಳುತ್ತದೆ. ಈ ಬೂಷ್ಟುಗಳಿಗೂ ಹೊಟ್ಟೆಗೆ ಏನಾದರೂ ಬೇಕಲ್ವಾ? ಅದಕ್ಕೇ 60 ಕೊಟ್ಟೆಗೂ ಸೊಪ್ಪಿನ ಗೊಬ್ಬರ, ಸ್ವಲ್ಪ ರಾಕ್ ಫಾಸ್ಫೇಟ್ (ರಂಜಕ ಇರುವ ಕಲ್ಲಿನ ಪುಡಿ) ಬೆರೆಸಿದ್ದೆ. ಕರಗಿಸುವವರಿಲ್ಲದೆ ಬರೀ ಹೊತ್ತು ತರುವವರನ್ನು ಕರೆದರೆ ಏನು ಪ್ರಯೋಜನ?

ನಾಲ್ಕು ತಿಂಗಳಿಗೆ ವ್ಯಾಮ್ ಹಾಕಿದ 40ರಲ್ಲಿ 36 ಬದುಕಿದವು, ಹಾಕದ 20ರಲ್ಲಿ 14. ಎಲೆಯ ಬಣ್ಣದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಗದ್ದೆಯಂಚಿಗೆ ನೆಡಲು ಕೊಟ್ಟೆ ಹರಿದಾಗ ಬೇರು ನೋಡಿ ಖುಷಿಯಾಯಿತು. ಮಣ್ಣುಂಡೆ ಒಡೆಯದಷ್ಟು ದಟ್ಟವಾಗಿ ಹೆಣೆದುಕೊಂಡಿತ್ತು.

ಎರಡನೇ ಚೀಲವನ್ನು ಪೇಟೆಯ ಒಂದು ಅಂಗಡಿಯಲ್ಲಿ ಕೊಂಡು ಮೋಸ ಹೋದೆ. ತಗಡಿನ ಮಾಡಿನ ಕೆಳಗೆ ಬಿಸಿಗೆ ಕಾದಿತ್ತು. ಮನೆಗೆ ಬಂದು ನೋಡಿದರೆ ಅವಧಿಯೂ ಮುಗಿದಿತ್ತು. ಬದಲಿಸಿ ಕೊಡಲಿಲ್ಲ. ಇದು ಜೀವ ಇರುವ ವಸ್ತು, ತಾರೀಖು ನೋಡಿ, ನೆರಳಲ್ಲಿ ಇಟ್ಟವರ ಹತ್ತಿರವೇ ತನ್ನಿ. ಡಿಎಪಿಯಂಥ ರಂಜಕದ ರಾಸಾಯನಿಕ ಗೊಬ್ಬರ ಜಾಸ್ತಿ ಸುರಿಯುವ ತೋಟಕ್ಕೆ ತರಬೇಡಿ. ರಂಜಕ ಕೈಗೇ ಸಿಕ್ಕರೆ ಬಳ್ಳಿ ಈ ಶಿಲೀಂಧ್ರವನ್ನು ಅಷ್ಟಾಗಿ ಸೇರಿಸಿಕೊಳ್ಳುವುದಿಲ್ಲ. ಎಲೆಕೋಸು, ಸಾಸಿವೆ ಮಡಿಗೂ ಬೇಡ, ಆ ಜಾತಿಯ ಬೇರಿಗೆ ಇದು ಕೂಡುವುದೇ ಇಲ್ಲ.