ಸೇನೆಯ ಧರ್ಮಗುರುವೋ, ಮನಶ್ಶಾಸ್ತ್ರಜ್ಞನೋ?

ತಮ್ಮಾ, ಧಾರವಾಡದಲ್ಲಿ ಓದು ಮುಗಿಸಿ ಸೈನಿಕರ ಮನಸ್ಸಿಗೆ ಆಸರೆ ಆಗಬೇಕು ಅಂತೀಯಲ್ಲ, ಎರಡೂ ದಾರಿ ನೋಡು.

ಧರ್ಮಗುರು ಆಗಲು ಪದವಿ ಜೊತೆ ಧರ್ಮದ ಓದೂ ಬೇಕು. ಸೇರುವಾಗಲೇ ನಾಯಬ್ ಸುಬೇದಾರ್, ಅಂದರೆ ಕಿರಿಯ ಅಧಿಕಾರಿ ದರ್ಜೆ. ಪಂಡಿತ, ಸಿಖ್ಖರ ಗ್ರಂಥಿ, ಮೌಲ್ವಿ, ಪಾದ್ರಿ ಎಲ್ಲರೂ ಇರುತ್ತಾರೆ. ಕೆಲಸ ಸುಮ್ನೆ ಪೂಜೆ ಮಾಡಿಸೋದಲ್ಲ. ಗಾಯಗೊಂಡವನ ಹಾಸಿಗೆ ಪಕ್ಕ ಕೂರಬೇಕು, ಸತ್ತವನ ಅಂತ್ಯಕ್ರಿಯೆ ನಡೆಸಬೇಕು, ಮರುದಿನ ಅವನ ಗೆಳೆಯರ ಜೊತೆಗೇ ಊಟಕ್ಕೆ ಕೂರಬೇಕು. ಯುದ್ಧದಲ್ಲಿ ಇಂಥವರ ಮೇಲೆ ದಾಳಿ ಮಾಡಬಾರದು ಅಂತ 1949ರ ಜಿನೀವಾ ಒಪ್ಪಂದವೇ ಹೇಳುತ್ತದೆ.

ಮನಶ್ಶಾಸ್ತ್ರಜ್ಞನ ಓದು ಜಾಸ್ತಿ ವರ್ಷದ್ದು. ಅವನು ದಿನವಿಡೀ ಜೊತೆಗಿರಲ್ಲ, ಆದರೆ ಕಾಯಿಲೆ ಗುರುತಿಸುತ್ತಾನೆ. ಸೇನೆಯಲ್ಲಿದ್ದ ನಮ್ಮ ಕಾಕಾ ರಜೆಗೆ ಗದಗಿಗೆ ಬಂದರೆ ಚಹಾ ಆರಿ ತಣ್ಣಗಾದರೂ ಕಪ್ಪು ಹಿಡಿದು ಗೋಡೆ ನೋಡುತ್ತಾ ಕೂತಿರುತ್ತಿದ್ದರು, ಪಟಾಕಿ ಸದ್ದಿಗೆ ಮೈಯೆಲ್ಲ ಬೆವರು. ತುಕಡಿಯ ಪಂಡಿತರ ಹತ್ತಿರ ಮಾತ್ರ ಬಾಯಿಬಿಟ್ಟರು. ಅವರೇ ಡಾಕ್ಟರ್ ಹತ್ತಿರ ಹೋಗು ಅಂದದ್ದು. ನಿದ್ದೆ ಬಂದದ್ದು ಚಿಕಿತ್ಸೆಯಿಂದ.

ಜನರ ನಡುವೆಯೇ ಬದುಕುವ ಸ್ವಭಾವ ನಿನ್ನದಾದರೆ ನಾನು ಧರ್ಮಗುರು ಕೆಲಸವನ್ನೇ ಹೇಳುತ್ತೇನೆ. ಮೊದಲು ನಿನ್ನ ಸಂಸ್ಕೃತದ ಸರ್ಟಿಫಿಕೇಟ್ ನಡೆಯುತ್ತಾ, ನೇಮಕಾತಿ ಕಚೇರಿಯಲ್ಲಿ ಕೇಳಿಕೊಂಡು ಬಾ.