ಬಿಲ್ಲಿ ಬಾಯ್ ಆರ್ನಾಲ್ಡ್ ಅವರ ‘ಮೋರ್ ಬ್ಲೂಸ್ ಆನ್ ದ ಸೌತ್ ಸೈಡ್’: ವರ್ಷಗಟ್ಟಲೆ ಕೇಳಿದ ಮೇಲೆ

ಅಮೆರಿಕದ ಕಪ್ಪು ಜನರ ಬ್ಲೂಸ್ ಸಂಗೀತದಲ್ಲಿ ಮೌತ್ ಆರ್ಗನ್ ಅಂದರೆ ಲಿಟ್ಲ್ ವಾಲ್ಟರ್, ಜೇಮ್ಸ್ ಕಾಟನ್, ಜೂನಿಯರ್ ವೆಲ್ಸ್. ಸರಿ, ಒಪ್ಪೋಣ. ಆದರೆ ಪಟ್ಟಿ ಅಲ್ಲಿಗೇ ನಿಂತುಬಿಡುತ್ತದಲ್ಲ, ಅದಕ್ಕೆ ನನ್ನ ತಕರಾರು. ಷಿಕಾಗೋದಲ್ಲೇ 1935ರಲ್ಲಿ ಹುಟ್ಟಿ, ಅಲ್ಲೇ ಬೆಳೆದ ಗಾಯಕ, ಮೌತ್ ಆರ್ಗನ್ ವಾದಕ ಬಿಲ್ಲಿ ಬಾಯ್ ಆರ್ನಾಲ್ಡ್ ಹೆಸರು ಎತ್ತಿದರೆ ಬ್ಲೂಸ್ ಕೇಳುವವರೂ ಒಂದು ಕ್ಷಣ ಯೋಚಿಸುತ್ತಾರೆ. ತಮಾಷೆ ಅಂದ್ರೆ ಅವರ ಹಾಡು ಎಲ್ಲರಿಗೂ ಗೊತ್ತಿರುತ್ತದೆ. ಅವರು 1955ರಲ್ಲಿ ವೀ-ಜೇ ಕಂಪನಿಗೆ ಹಾಡಿದ ‘ಐ ವಿಶ್ ಯು ವುಡ್’ ಅನ್ನು 1964ರಲ್ಲಿ ಇಂಗ್ಲೆಂಡಿನ ಯಾರ್ಡ್‌ಬರ್ಡ್ಸ್ ರಾಕ್ ತಂಡ ತನ್ನ ಮೊದಲ ಸಿಂಗಲ್ ಮಾಡಿಕೊಂಡಿತು. 1973ರಲ್ಲಿ ಡೇವಿಡ್ ಬೋವಿ ಹಾಡಿದರು. ರಾಕ್ ಅಂಡ್ ರೋಲ್ ಗಾಯಕ ಬೋ ಡಿಡ್ಲಿಯವರ 1955ರ ‘ಐ ಆ್ಯಮ್ ಎ ಮ್ಯಾನ್’ ಹಾಡಿನ ಮೌತ್ ಆರ್ಗನ್ ಕೂಡ ಆರ್ನಾಲ್ಡ್ ಅವರದೇ. ಆಗ ಅವರಿಗೆ ಇನ್ನೂ ಹತ್ತೊಂಬತ್ತು.

ನಾನು ಬರೆಯುತ್ತಿರುವುದು ಅವರ 1964ರ ಆಲ್ಬಂ ಬಗ್ಗೆ. 1963ರ ಡಿಸೆಂಬರ್ 30ರಂದು ಷಿಕಾಗೋದಲ್ಲಿ ಒಂದೇ ದಿನದಲ್ಲಿ ರೆಕಾರ್ಡ್ ಮಾಡಿ ಮುಗಿಸಿದ್ದು. ಕಂಪನಿ ಪ್ರೆಸ್ಟೀಜ್, ನಿರ್ಮಾಪಕ ಸ್ಯಾಮ್ಯುಯೆಲ್ ಚಾರ್ಟರ್ಸ್. ಹೆಸರಿನಲ್ಲಿ ‘ಮೋರ್’ ಯಾಕೆ ಅಂದರೆ, ಅದೇ ಹೊತ್ತಿಗೆ ಅದೇ ಕಂಪನಿಯಿಂದ ಹೋಮ್‌ಸಿಕ್ ಜೇಮ್ಸ್ ಅವರ ‘ಬ್ಲೂಸ್ ಆನ್ ದ ಸೌತ್ ಸೈಡ್’ ಕೂಡ ಬಂತು. ಇದು ಅದರ ಜೊತೆಯದು. ನೋಡಿ, ಹೆಸರಿಡುವಾಗಲೇ ಇವರನ್ನು ಎರಡನೇ ಸಾಲಿನಲ್ಲಿ ಕೂರಿಸಿದ್ದಾಯ್ತು. ಅಷ್ಟಕ್ಕೂ ‘ಬಿಲ್ಲಿ ಬಾಯ್’ ಅನ್ನೋದೂ ಅವರಾಗಿ ಇಟ್ಟುಕೊಂಡ ಹೆಸರಲ್ಲ. ಹದಿಹರೆಯದಲ್ಲಿ ಮೊದಲ ರೆಕಾರ್ಡ್ ಬಂದಾಗ ಕಂಪನಿಯವರೇ ಲೇಬಲ್ ಮೇಲೆ ಹಾಗೆ ಅಚ್ಚು ಹಾಕಿಸಿದ್ದರು. ಅದೇ ಉಳಿದುಬಿಟ್ಟಿತು.

ಮೊದಲ ಸಲ ಕೇಳುವವರಿಗೆ ಈ ಆಲ್ಬಂ ಸ್ವಲ್ಪ ಸಪ್ಪೆ ಅನ್ನಿಸಬಹುದು. ಹನ್ನೆರಡು ಟ್ರ್ಯಾಕ್. ಯಾವುದರಲ್ಲೂ ಕೂಗಾಟ ಇಲ್ಲ. ಲಿಟ್ಲ್ ವಾಲ್ಟರ್ ಅವರ ಹಾಗೆ ಮೈಕನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು, ಆ್ಯಂಪ್ಲಿಫಯರ್ ಗೊರಗೊರ ಅನ್ನುವಷ್ಟು ಜೋರು ಮಾಡಿದ ಸದ್ದೂ ಇಲ್ಲ. ಇವರ ವಾದ್ಯ ತಿಳಿಯಾಗಿ ಕೇಳಿಸುತ್ತದೆ, ದನಿಯೂ ಹಾಗೇ. ಅಳುವುದಿಲ್ಲ, ಗರ್ಜಿಸುವುದಿಲ್ಲ, ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ ಹಾಡುತ್ತಾರೆ. ಇದೇ ಕಾರಣಕ್ಕೆ ಜನ ಇದನ್ನು ದಾಟಿ ಹೋಗುತ್ತಾರೆ. ಇದೇ ಕಾರಣಕ್ಕೆ ನಾನು ವರ್ಷಗಳಿಂದ ಕೇಳುತ್ತಿದ್ದರೂ ಬೇಸರ ಬಂದಿಲ್ಲ. ಅಬ್ಬರದ ಎಷ್ಟೋ ಬ್ಲೂಸ್ ಆಲ್ಬಂಗಳನ್ನು ಈಗ ವರ್ಷಕ್ಕೊಮ್ಮೆ ಹಾಕಿದರೆ ಹೆಚ್ಚು.

ಆರ್ನಾಲ್ಡ್ ತಮ್ಮ ಗುರು ಅಂತ ಹೇಳುವುದು ಜಾನ್ ಲೀ ವಿಲಿಯಮ್ಸನ್ ಅವರನ್ನು. ‘ಸನ್ನಿ ಬಾಯ್’ ಅಂತ ಹೆಸರಾದವರು. ಅದೇ ಹೆಸರಿಟ್ಟುಕೊಂಡು ಆಮೇಲೆ ಇನ್ನೂ ಜಾಸ್ತಿ ಪ್ರಸಿದ್ಧರಾದ ರೈಸ್ ಮಿಲ್ಲರ್ ಬೇರೆ. ಆಲ್ಬಂ ಹುಡುಕುವಾಗ ಇಬ್ಬರೂ ಕಲಸಿಕೊಳ್ಳುತ್ತಾರೆ, ಹುಷಾರು. 1948ರಲ್ಲಿ ಹನ್ನೆರಡು ವರ್ಷದ ಹುಡುಗ ಆರ್ನಾಲ್ಡ್ ವಿಳಾಸ ಪತ್ತೆ ಮಾಡಿಕೊಂಡು ಹೋಗಿ ವಿಲಿಯಮ್ಸನ್ ಮನೆ ಬಾಗಿಲು ತಟ್ಟಿದ. ಮೌತ್ ಆರ್ಗನ್‌ನಿಂದ ಆ ‘ವಾವ್ ವಾವ್’ ಸದ್ದು ಹೇಗೆ ಬರುತ್ತೆ ಅಂತ ಕೇಳಿದ. ಅಷ್ಟು ದೊಡ್ಡ ಕಲಾವಿದ ಬೈದು ಕಳಿಸಲಿಲ್ಲ. ಒಳಗೆ ಕರೆದು ತೋರಿಸಿಕೊಟ್ಟರು. ಅದೇ ವರ್ಷ ಜೂನ್ 1ರಂದು, ಕ್ಲಬ್‌ನಿಂದ ಮನೆಗೆ ಬರುವ ದಾರಿಯಲ್ಲಿ ದರೋಡೆಗೆ ಸಿಕ್ಕಿ ವಿಲಿಯಮ್ಸನ್ ಕೊಲೆಯಾದರು. ಪಾಠ ಇಷ್ಟೇ. ಆದರೆ ಈ ಆಲ್ಬಂನ ‘ಯು ಬೆಟರ್ ಕಟ್ ದಟ್ ಔಟ್’ ಕೇಳಿ. ಅದು ವಿಲಿಯಮ್ಸನ್ ಹಾಡು. ಸಾಲು ಮುಗಿಯುತ್ತಿದ್ದ ಹಾಗೇ ವಾದ್ಯ ಮಾತು ಎತ್ತಿಕೊಳ್ಳುವ ಆ ರೀತಿ ಪೂರ್ತಿ ಗುರುವಿನದು.

ಈ ರೀತಿ ಹೇಗೆ ಕೆಲಸ ಮಾಡುತ್ತದೆ ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬ್ಲೂಸ್‌ನ ಹನ್ನೆರಡು ಬಾರ್‌ನಲ್ಲಿ (ಬಾರ್ ಅಂದರೆ ತಾಳದ ಒಂದು ಸುತ್ತು) ನಾಲ್ಕು ನಾಲ್ಕು ಬಾರ್‌ನ ಮೂರು ಸಾಲು ಇರುತ್ತವೆ. ಪ್ರತಿ ಸಾಲಿನಲ್ಲಿ ಮಾತು ಸುಮಾರು ಅರ್ಧಕ್ಕೆ ಮುಗಿಯುತ್ತದೆ. ಉಳಿದ ಜಾಗ ಉತ್ತರಕ್ಕೆ. ಗಿಟಾರ್ ಹಿಡಿದವರು ಹಾಡುತ್ತಲೇ ನುಡಿಸಬಹುದು. ಮೌತ್ ಆರ್ಗನ್‌ನವರಿಗೆ ಇರುವುದು ಒಂದೇ ಬಾಯಿ. ಹಾಡಿ ಉಸಿರು ಖಾಲಿಯಾದ ಮರುಕ್ಷಣ ವಾದ್ಯ ತುಟಿಗೆ ಬರಬೇಕು. ಇಲ್ಲೇ ಒಂದು ಸೊಗಸಿದೆ. ಬ್ಲೂಸ್‌ನವರು ಇ ಶ್ರುತಿಯ ಹಾಡಿಗೆ ಎ ಶ್ರುತಿಯ ಮೌತ್ ಆರ್ಗನ್ ಹಿಡಿಯುತ್ತಾರೆ. ಹಾಗೆ ಹಿಡಿದರೆ ಮುಖ್ಯ ಸ್ವರಗಳು ಹೆಚ್ಚಾಗಿ ಊದಿದಾಗಲ್ಲ, ಉಸಿರು ಒಳಗೆ ಎಳೆದಾಗ ಬರುತ್ತವೆ. ಅಂದರೆ ಹಾಡಿ ಬರಿದಾದ ಎದೆ ನುಡಿಸುತ್ತಲೇ ತುಂಬಿಕೊಳ್ಳುತ್ತದೆ. ಆರ್ನಾಲ್ಡ್ ಕೇಳುವಾಗ ಹಾಡಿಗೂ ವಾದ್ಯಕ್ಕೂ ನಡುವೆ ಹೊಲಿಗೆ ಕಾಣದಿರುವುದು ಇದರಿಂದಲೇ.

ಇನ್ನು ಸ್ವರ ಬಗ್ಗಿಸುವ ವಿಷಯ. ಮೂರನೇ ತೂತಿನಲ್ಲಿ ಉಸಿರೆಳೆದರೆ ಅಂತರ ಗಾಂಧಾರ, ಅಂದರೆ ಎತ್ತರದ ಗಾಂಧಾರ ಸಿಗುತ್ತದೆ. ನಾಲಿಗೆ ಹಿಂದಕ್ಕೆ ಸರಿಸಿ, ಬಾಯೊಳಗಿನ ಆಕಾರ ಬದಲಿಸಿ ಅದನ್ನು ಕೆಳಗಿನ ಸಾಧಾರಣ ಗಾಂಧಾರದ ಕಡೆಗೆ ಜಗ್ಗುತ್ತಾರೆ. ಪೂರ್ತಿ ಅಲ್ಲಿಗೆ ಹೋಗಿ ಕೂರುವುದಿಲ್ಲ, ನಡುವೆ ಎಲ್ಲೋ ತೂಗಾಡಿಸುತ್ತಾರೆ. ಗಮಕ ಕೇಳಿ ಅಭ್ಯಾಸ ಇರುವ ಕಿವಿಗೆ ಇದು ಥಟ್ಟನೆ ಹಿಡಿಸುತ್ತದೆ. ಕಛೇರಿ ಬಿಟ್ಟು ಬೇರೇನೂ ಕೇಳದ ನಮ್ಮ ದೊಡ್ಡಮ್ಮ, ‘ಗಾಂಧಾರ ಚೆನ್ನಾಗಿ ಅಲ್ಲಾಡಿಸ್ತಾನೆ ಕಣೋ’ ಅಂದಿದ್ದರು. ನಾನು ಕಂಡ ಅತ್ಯಂತ ಚಿಕ್ಕ, ಅತ್ಯಂತ ಸರಿಯಾದ ವಿಮರ್ಶೆ ಅದು.

ಇದನ್ನು ಕೇಳಿ ಉತ್ಸಾಹ ಬಂದು ಮೌತ್ ಆರ್ಗನ್ ಕೊಳ್ಳಲು ಹೊರಟವರಿಗೆ ಒಂದು ಮಾತು. ನಮ್ಮ ಅಂಗಡಿಗಳಲ್ಲಿ ಸುಮ್ನೆ ‘ಮೌತ್ ಆರ್ಗನ್ ಕೊಡಿ’ ಅಂದರೆ ಸಾಮಾನ್ಯವಾಗಿ ಕೈಗೆ ಬರುವುದು ಎರಡು ಸಾಲು ತೂತಿನ ಟ್ರೆಮೊಲೊ. ಸಿನಿಮಾ ಹಾಡಿಗೆ ಚಂದ. ಆದರೆ ಪ್ರತಿ ಸ್ವರಕ್ಕೆ ಎರಡೆರಡು ರೀಡ್ (ಗಾಳಿಗೆ ಕಂಪಿಸುವ ಲೋಹದ ಪಟ್ಟಿ) ಇರುವುದರಿಂದ ಅದರಲ್ಲಿ ಸ್ವರ ಹೀಗೆ ಬಗ್ಗುವುದಿಲ್ಲ. ಹತ್ತು ತೂತಿನ ಡಯಾಟೋನಿಕ್ ಅಂತ ಬಿಡಿಸಿ ಕೇಳಿ.

ತಂಡದ ವಿಷಯಕ್ಕೆ ಬಂದರೆ, ನನ್ನ ಪ್ರಕಾರ ಈ ಆಲ್ಬಂನ ಅರ್ಧ ಜೀವ ಪಿಯಾನೊದಲ್ಲಿದೆ. ನುಡಿಸಿದವರು ಲಫಾಯೆಟ್ ಲೀಕ್, ರಾಕ್ ಅಂಡ್ ರೋಲ್ ಗಾಯಕ ಚಕ್ ಬೆರಿ ಹಾಡುಗಳಿಗೂ ನುಡಿಸಿದವರು. ಮೌತ್ ಆರ್ಗನ್ ಕೆಳಗಿನ ಸ್ವರಗಳಲ್ಲಿದ್ದಾಗ ಇವರ ಬಲಗೈ ಮೇಲೆ ಸಣ್ಣಗೆ ಚಿಮ್ಮುತ್ತಿರುತ್ತದೆ. ಅದು ಮೇಲೆ ಹೋದರೆ ಇವರು ಸುಮ್ಮನಾಗಿ ಕೆಳಗೆ ಜಾಗ ತುಂಬುತ್ತಾರೆ. ಕೀಬೋರ್ಡ್ ನುಡಿಸುವ ಗೆಳೆಯನೊಬ್ಬ ಇದನ್ನು ತೋರಿಸಿಕೊಟ್ಟ ಮೇಲೆ ಅದನ್ನು ಬಿಟ್ಟು ಕೇಳಲು ನನಗೆ ಆಗುತ್ತಲೇ ಇಲ್ಲ. ಫೋನಿನ ಸ್ಪೀಕರ್‌ನಲ್ಲಿ ಮಾತ್ರ ಇದೆಲ್ಲ ಮಾಯ. ಹೆಡ್‌ಫೋನ್ ಇಲ್ಲದಿದ್ದರೆ ಕಾರಿನಲ್ಲಾದರೂ ಕೇಳಿ. ಗಿಟಾರ್ ಮೈಟಿ ಜೋ ಯಂಗ್ ಅವರದು, ಅಳತೆ ಮೀರದ ಕೈ. ಬಾಸ್ ನುಡಿಸಿದ ಜೆರೋಮ್ ಆರ್ನಾಲ್ಡ್ ಬಿಲ್ಲಿಯವರ ತಮ್ಮ. ಮುಂದೆ ಪಾಲ್ ಬಟರ್‌ಫೀಲ್ಡ್ ತಂಡ ಸೇರಿ, 1965ರ ನ್ಯೂಪೋರ್ಟ್ ಜಾನಪದ ಸಂಗೀತ ಉತ್ಸವದಲ್ಲಿ ಬಾಬ್ ಡಿಲನ್ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಗಲಾಟೆ ಎಬ್ಬಿಸಿದಾಗ ಹಿಂದೆ ಬಾಸ್ ಹಿಡಿದಿದ್ದವರು. ಈ ಅಣ್ಣತಮ್ಮಂದಿರು ದೊಡ್ಡ ಘಟನೆಗಳ ಪಕ್ಕದಲ್ಲೇ ಇರುತ್ತಾರೆ, ಫೋಟೋದ ಮಧ್ಯಕ್ಕೆ ಮಾತ್ರ ಬರುವುದಿಲ್ಲ.

ಕೊರತೆ ಇಲ್ಲ ಅಂತಲ್ಲ. ಡ್ರಮ್ಸ್ ಎಲ್ಲೋ ದೂರದಲ್ಲಿ ಕೇಳಿಸುತ್ತದೆ. ಮಧ್ಯೆ ಎರಡು ಮೂರು ಹಾಡು ಒಂದೇ ಲಯ, ಒಂದೇ ನಡೆ. ಯಾವುದು ಮುಗಿಯಿತು, ಯಾವುದು ಶುರುವಾಯಿತು ಗೊತ್ತಾಗುವುದಿಲ್ಲ. ‘ಐ ವಿಶ್ ಯು ವುಡ್’ನಲ್ಲಿದ್ದ ಪಡ್ಡೆ ಹುಡುಗನ ಧಿಮಾಕು ಇಲ್ಲಿ ಕಡಿಮೆ. ಅದನ್ನೇ ಹುಡುಕಿಕೊಂಡು ಬಂದವರಿಗೆ ನಿರಾಸೆಯಾಗುತ್ತೆ. ಸಿ.ಡಿ.ಯನ್ನು ಹೊರಗಿನಿಂದ ತರಿಸಿದರೆ ಸಾಗಣೆ, ಸುಂಕ ಸೇರಿ ಕೈ ಸುಡುತ್ತದೆ. ನನಗೆ ಬಂದ ಡಬ್ಬಿಯ ಮುಚ್ಚಳ ಒಡೆದಿತ್ತು, ಮಾರಿದವರು ಮೇಲ್‌ಗೆ ಉತ್ತರಿಸಲೇ ಇಲ್ಲ. ಡಿಸ್ಕ್ ಚೆನ್ನಾಗಿದ್ದದ್ದು ಪುಣ್ಯ.

ಈ ಆಲ್ಬಂ ಬಂದ ಮೇಲೆ ಆರ್ನಾಲ್ಡ್ ದೊಡ್ಡ ಹೆಸರಾದರು ಅಂದುಕೊಳ್ಳಬೇಡಿ. ಕಾರ್ಯಕ್ರಮಗಳು ಕಡಿಮೆಯಾದವು. ಷಿಕಾಗೋದಲ್ಲಿ ಬಸ್ ಓಡಿಸಿದರು, ಆಮೇಲೆ ಪೆರೋಲ್ ಅಧಿಕಾರಿಯಾಗಿ ದುಡಿದರು. 1993ರಲ್ಲಿ ಅಲಿಗೇಟರ್ ಕಂಪನಿಯಿಂದ ‘ಬ್ಯಾಕ್ ವೇರ್ ಐ ಬಿಲಾಂಗ್’ ಬಂದಾಗ ಹೊಸ ಕೇಳುಗರು ಸಿಕ್ಕರು. ಅದರಲ್ಲಿ ಧ್ವನಿಮುದ್ರಣ ಸ್ಪಷ್ಟ, ಡ್ರಮ್ಸ್ ಗಟ್ಟಿ, ‘ಐ ವಿಶ್ ಯು ವುಡ್’ ಕೂಡ ಮತ್ತೆ ಹಾಡಿದ್ದಾರೆ. ಹೊಸಬರಿಗೆ ನಾನು ಮೊದಲು ಕೊಡುವುದು ಅದನ್ನೇ. ಅದು ಹಿಡಿಸಿದರೆ 1955ರ ವೀ-ಜೇ ಹಾಡುಗಳಿಗೆ ಹೋಗಿ, ಆಮೇಲೆ ಈ ಆಲ್ಬಂಗೆ ಬನ್ನಿ. ಶುರು ಮಾಡುವುದು ಮಾತ್ರ ಮೊದಲ ಟ್ರ್ಯಾಕ್‌ನಿಂದ ಬೇಡ. ‘ಯು ಬೆಟರ್ ಕಟ್ ದಟ್ ಔಟ್’, ಅದಾದ ಮೇಲೆ ‘ಬಿಲ್ಲಿ ಬಾಯ್ಸ್ ಬ್ಲೂಸ್’. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಕಳೆದ ಅರ್ಧ ಆ ಡ್ರಮ್ಸ್‌ಗೆ.