1,500 ರೂಪಾಯಿ, ಮುಕ್ಕಾಲು ಗಂಟೆ, ಒಂದು ಕೌಂಟರ್ ಆಫರ್

5ಕ್ಕೆ 4 ಸ್ಟಾರ್.

ಜಯನಗರದ ಈ ಮೇಡಂ ಎಚ್‌ಆರ್ ಕೆಲಸದಿಂದ ರಿಟೈರ್ ಆದವರು. ಈಗ ಕೆಲಸ ಬಿಡುವವರಿಗೆ ಸಲಹೆ ಕೊಡುತ್ತಾರೆ, ಮುಕ್ಕಾಲು ಗಂಟೆಗೆ 1,500 ರೂಪಾಯಿ. ಮನೆಯ ಮುಂದಿನ ಕೋಣೆಯೇ ಆಫೀಸು. ಹತ್ತು ಗಂಟೆಗೆ ಬರಲು ಹೇಳಿ ಇಪ್ಪತ್ತೈದು ನಿಮಿಷ ಕಾಯಿಸಿದರು. ಒಂದು ಸ್ಟಾರ್ ಹೋಗಿದ್ದು ಅಲ್ಲೇ.

ನಾನು ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿದ್ದೆ, ವರ್ಷಕ್ಕೆ 14 ಲಕ್ಷ. ಬೇರೆ ಕಡೆ 18.5 ಲಕ್ಷಕ್ಕೆ ಆಫರ್ ಬಂತು, ರಾಜೀನಾಮೆ ಕೊಟ್ಟೆ. ನಾಲ್ಕು ವರ್ಷದಲ್ಲಿ ಒಂದು ಟೀ ಕುಡಿಸದ ಮ್ಯಾನೇಜರ್ ಮಾರನೇ ದಿನ ಊಟಕ್ಕೆ ಕರೆದುಕೊಂಡು ಹೋದರು. ಸಂಜೆಗೆ ಮೇಲ್ ಬಂತು: 19 ಲಕ್ಷ ಕೊಡುತ್ತೇವೆ, ಉಳಿದುಕೊಳ್ಳಿ. ಇದೇ ಕೌಂಟರ್ ಆಫರ್. ದಾವಣಗೆರೆಯಿಂದ ಅಮ್ಮ, "ಗೊತ್ತಿರೋ ಜಾಗ ಬಿಟ್ಟು ಯಾಕೋ ಹೋಗ್ತೀಯ" ಅಂದರು. ನನಗೂ ಹೌದಲ್ವಾ ಅನ್ನಿಸಿತ್ತು.

ಮೇಡಂ ಭಾಷಣ ಮಾಡಲಿಲ್ಲ. ಕನ್ನಡಕ ಹಾಕಿಕೊಂಡು ಎರಡೂ ಪತ್ರ ಓದಿದರು, ಸುಮ್ನೆ ಹತ್ತು ನಿಮಿಷ. ಆಮೇಲೆ ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದು ತೋರಿಸಿದರು. 19 ಲಕ್ಷದಲ್ಲಿ ಫಿಕ್ಸೆಡ್, ಅಂದರೆ ಖಾತ್ರಿ ಇರುವುದು 15.5 ಲಕ್ಷ. ವೇರಿಯಬಲ್, ಅಂದರೆ ಕೆಲಸ ನೋಡಿ ಕೊಡುವುದು, 1.5. ಇನ್ನುಳಿದ 2 ಲಕ್ಷ ಕಂಪನಿ ಬಿಡದೆ ಇರುವುದಕ್ಕೆ ಕೊಡುವ ರಿಟೆನ್ಷನ್ ಬೋನಸ್, ಅದೂ ಒಂದೇ ಸಲ. ವರ್ಷದೊಳಗೆ ಬಿಟ್ಟರೆ ಪೂರ್ತಿ ವಾಪಸ್ ಕೊಡಬೇಕು. "ತೆರಿಗೆ (ಟಿಡಿಎಸ್) ಕಳೆದು ನಿಮ್ಮ ಕೈಗೆ ಬರುತ್ತೆ. ವಾಪಸ್ ಕೇಳೋದು ಮಾತ್ರ ಪೂರ್ತಿ 2 ಲಕ್ಷ, ಇಲ್ಲೇ ಬರೆದಿದ್ದಾರೆ ನೋಡಿ." ಹೊಸ ಕಂಪನಿಯದು ಫಿಕ್ಸೆಡ್ಡೇ 17.5. ನಾನು ಒಟ್ಟು ಮೊತ್ತ ಬಿಟ್ಟು ಬೇರೇನೂ ನೋಡಿರಲಿಲ್ಲ. ನಾಚಿಕೆಯಾಯಿತು.

ಆಮೇಲೆ ಒಂದು ಪ್ರಶ್ನೆ. "ಬೇರೆ ಕೆಲಸ ಹುಡುಕೋಣ ಅಂತ ಮೊದಲು ಅನ್ನಿಸಿದ್ದು ಯಾವತ್ತು?" ತಕ್ಷಣ ನೆನಪಾಯಿತು. ಅಪ್ಪನ ಕಣ್ಣಿನ ಪೊರೆ ಆಪರೇಷನ್ ದಿನ, ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಲ್ಯಾಪ್‌ಟಾಪ್‌ನಲ್ಲಿ ಅಮೆರಿಕದ ಕ್ಲೈಂಟಿಗೆ ಉತ್ತರ ಕೊಡುತ್ತಿದ್ದೆ. ಅಮ್ಮ ಕಾಫಿ ತಂದು ಪಕ್ಕದಲ್ಲಿಟ್ಟು ಹೋದರು. ಮಾತಾಡಲಿಲ್ಲ. ಮೇಡಂ ಪೆನ್ಸಿಲ್ ನನ್ನ ಕಡೆ ತಳ್ಳಿ, "ಅದು ಬದಲಾಗುತ್ತೆ ಅಂತ ಈ ಮೇಲ್‌ನಲ್ಲಿ ಎಲ್ಲಿದೆ, ಗೆರೆ ಎಳೀರಿ" ಅಂದರು. ಹೊತ್ತುಗೊತ್ತಿಲ್ಲದ ಕ್ಲೈಂಟ್ ಕೆಲಸದ ಬಗ್ಗೆ ಒಂದು ಸಾಲೂ ಇರಲಿಲ್ಲ. ಪೆನ್ಸಿಲ್ ವಾಪಸ್ ಇಟ್ಟೆ.

ನನಗೆ ಗೊತ್ತೇ ಇರದ ಇನ್ನೊಂದು ವಿಷಯ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷ ಲೆಕ್ಕ ಹಾಕಿ ಕಂಪನಿ ಕೊಡುವ ಹಣ. ಸೇರಿ 4 ವರ್ಷ 7 ತಿಂಗಳಾಗಿತ್ತು, 90 ದಿನ ನೋಟಿಸ್ ಮುಗಿದರೆ 4 ವರ್ಷ 10 ತಿಂಗಳು. 1972ರ ಗ್ರಾಚ್ಯುಟಿ ಕಾಯ್ದೆ ಕೇಳಿದ್ದು 5 ವರ್ಷ. ತಿಂಗಳ ಮೂಲ ವೇತನ (ಬೇಸಿಕ್) 52,000ವನ್ನು 26ರಿಂದ ಭಾಗಿಸಿ, 15ರಿಂದ, ಮತ್ತೆ 5ರಿಂದ ಗುಣಿಸಿದರೆ ಒಂದೂವರೆ ಲಕ್ಷ, ಎರಡು ತಿಂಗಳಲ್ಲಿ ಕೈತಪ್ಪುವಂತಿತ್ತು! ನಾಲ್ಕು ವರ್ಷದ ಮೇಲೆ 240 ದಿನ ಆದರೂ ಸಾಕು ಅಂತ ಮದ್ರಾಸ್ ಹೈಕೋರ್ಟ್ ತೀರ್ಪು ಇದೆಯಂತೆ. "ಆದರೆ ನಿಮ್ಮ ಎಚ್‌ಆರ್ ಒಪ್ಪದೇ ಇರಬಹುದು. ಆ ನಷ್ಟ ತುಂಬಿಕೊಡಿ ಅಂತ ಹೊಸ ಕಂಪನಿಯನ್ನೇ ಕೇಳಿ" ಅಂದರು. ಕೇಳಿದೆ. 75,000 ಜಾಯ್ನಿಂಗ್ ಬೋನಸ್ ಸೇರಿಸಿದರು. ಅದಕ್ಕೂ ಒಂದು ವರ್ಷದ ಷರತ್ತು ಇದೆ, ಇರಲಿ.

ಹೋಗಿ ಅಂತಲೂ, ಇರಿ ಅಂತಲೂ ಮೇಡಂ ಕೊನೆವರೆಗೆ ಹೇಳಲಿಲ್ಲ. ಯಾರಾದರೂ ತೀರ್ಮಾನ ಮಾಡಿಕೊಡಲಿ ಅಂತ ಹೋಗುವವರಿಗೆ ಇದು ಬೇಜಾರಾಗಬಹುದು. ನಾನು ಸೋಮವಾರ ಬೆಳಿಗ್ಗೆ ಕೌಂಟರ್ ಆಫರ್ ಬೇಡ ಅಂತ ಬರೆದೆ. ಮ್ಯಾನೇಜರ್ ಮತ್ತೆ ಊಟಕ್ಕೆ ಕರೆಯಲಿಲ್ಲ.

ಹೋಗುವವರು ಅಪಾಯಿಂಟ್‌ಮೆಂಟ್ ಲೆಟರನ್ನೂ ತೆಗೆದುಕೊಂಡು ಹೋಗಿ, ನೋಟಿಸ್ ಷರತ್ತು ಅದರಲ್ಲೇ ಇರುತ್ತದೆ. ರಸೀದಿ ಕೇಳಿದರೆ ಮಾತ್ರ ಕೊಡುತ್ತಾರೆ. ಆಮೇಲೆ ಫೋನ್ ಮಾಡಿದರೆ ಹದಿನೈದು ನಿಮಿಷಕ್ಕೆ 600, ಅದು ಜಾಸ್ತಿಯೇ. ಕಾರು ನಿಲ್ಲಿಸಲು ಜಾಗವಿಲ್ಲ, ಮೆಟ್ರೋದಲ್ಲಿ ಹೋಗಿ.